ಕಸ್ತೂರಿಯ ನವಿಲುಬಣ್ಣದ ದಾರ

ಇದನ್ನು ಓದಿ ನೀವು ನಗಬಹುದು. ನಕ್ಕರೆ ನನಗೇನೂ ಬೇಜಾರಿಲ್ಲ, ಯಾಕೆಂದರೆ ಇಂಥವನ್ನು ಕೇಳಿ ನಾನೂ ನಕ್ಕವನೇ. ಮೋಟೆಬೆನ್ನೂರಿನ ಹೈವೇ ಪಕ್ಕದ ಚಹಾದಂಗಡಿಯಲ್ಲಿ ಲಾರಿ ಡ್ರೈವರುಗಳು ಬಿಳಿ ಸೀರೆಯ ಹೆಂಗಸಿನ ಸುದ್ದಿ ತೆಗೆದರೆ, "ಪಾಪ, ಆಕೀಗೆ ಬ್ಯಾರೆ ಬಣ್ಣದ ಸೀರಿ ಯಾರೂ ಕೊಡಸಂಗಿಲ್ಲೇನ್ರೋ" ಎಂದು ಚೇಷ್ಟೆ ಮಾಡುತ್ತಿದ್ದವನು ನಾನು. ಆದರೆ ಈಗ ಹೇಳುತ್ತಿರುವುದು ಚಹಾದಂಗಡಿಯಲ್ಲಿ ಕೇಳಿದ್ದಲ್ಲ. ನನ್ನ ಹೊಲದಲ್ಲಿ, ನನ್ನ ಕಣ್ಣೆದುರು ನಡೆದದ್ದು. ನನ್ನ ತಂಗಿಯ ಜೀವದ ವಿಷಯದಲ್ಲಿ ಸುಳ್ಳು ಹೇಳಿ ನನಗೆ ಆಗಬೇಕಾದ್ದು ಏನೂ ಇಲ್ಲ.

ಮೊಬೈಲ್ ಫೋನು ನಮ್ಮ ಕಡೆ ಆಗಷ್ಟೇ ಕಾಲಿಟ್ಟಿತ್ತು. ರಾಣೆಬೆನ್ನೂರು, ಬ್ಯಾಡಗಿ ಸುತ್ತ ಹೈಬ್ರಿಡ್ ಟೊಮೆಟೊ ಬೀಜ ಮಾಡುವ ಕೆಲಸ ಜೋರಾಗಿ ನಡೆದಿತ್ತು. ಮೋಟೆಬೆನ್ನೂರಿನಿಂದ ಬ್ಯಾಡಗಿಗೆ ಹೋಗುವ ದಾರಿಯಲ್ಲಿ ನಮ್ಮ ಹೊಲ. ಅದರ ಒಂದು ಮಗ್ಗುಲಿಗೆ ಕಬ್ಬಿಣದ ಪೈಪುಗಳನ್ನು ಕಮಾನಾಗಿ ಬಗ್ಗಿಸಿ ನಿಲ್ಲಿಸಿ, ಮೇಲೆ ಬಿಳಿ ಪ್ಲಾಸ್ಟಿಕ್ ಹಾಳೆ ಹೊದಿಸಿ, ಉದ್ದನೆಯ ಸುರಂಗದಂಥ ಮನೆ ಕಟ್ಟಿಸಿದ್ದೆ. ಊರವರು ಅದನ್ನು ಪ್ಲಾಸ್ಟಿಕ್ ಮನಿ ಅನ್ನುತ್ತಿದ್ದರು. ಹಗಲು ಒಳಗೆ ಹೋದರೆ ಬೆವರು ಸುರಿಯುತ್ತಿತ್ತು. ರಾತ್ರಿ ಹಾಳೆಯ ಒಳಮೈಗೆ ಇಬ್ಬನಿ ಕಟ್ಟಿ, ಬೆಳಗಿನ ತನಕ ತೊಟ್ಟಿಕ್ಕುತ್ತಿತ್ತು.

ಕೆಲಸ ಏನೆಂದು ಹೇಳದಿದ್ದರೆ ಮುಂದಿನದು ತಿಳಿಯುವುದಿಲ್ಲ. ಒಂದು ತಳಿಯ ಹೂವಿಗೆ ಇನ್ನೊಂದು ತಳಿಯ ಹೂವಿನ ಪುಡಿಯನ್ನು ಕೈಯಿಂದಲೇ ಮುಟ್ಟಿಸಬೇಕು. ಮಧ್ಯಾಹ್ನದ ಮೇಲೆ, ನಾಳೆ ಅರಳಲಿರುವ ಮೊಗ್ಗನ್ನು ಚಿಮಟದಿಂದ ಬಿಡಿಸಿ ಒಳಗಿನ ಗಂಡುಭಾಗವನ್ನು ಕಿತ್ತುಹಾಕುವುದು. ಮರುದಿನ ಬೆಳಿಗ್ಗೆ ಗಂಡು ಗಿಡದ ಪುಡಿಯನ್ನು ಬೆರಳ ಉಂಗುರದ ಮೇಲಿನ ಪುಟ್ಟ ಬಟ್ಟಲಿಗೆ ತುಂಬಿಕೊಂಡು, ಬಿಡಿಸಿಟ್ಟ ಮೊಗ್ಗಿನ ತುದಿಯನ್ನು ಅದರಲ್ಲಿ ಅದ್ದುವುದು. ಎಲ್ಲರೂ ಇದಕ್ಕೆ ಕ್ರಾಸಿಂಗ್ ಅನ್ನುತ್ತಾರೆ. ಬಿಡಿಸಿದ ಮೊಗ್ಗಿಗೆ ಮರುದಿನ ಪುಡಿ ಮುಟ್ಟಿಸದಿದ್ದರೆ ಅದು ಬಾಡಿ ಉದುರಿಹೋಗುತ್ತದೆ.

ನಮ್ಮಲ್ಲಿ ಇನ್ನೊಂದು ರೂಢಿಯಿತ್ತು. ಕೆಲಸಕ್ಕೆ ಬರುವ ಒಬ್ಬೊಬ್ಬ ಹೆಂಗಸಿಗೆ ಒಂದೊಂದು ಬಣ್ಣದ ಉಲನ್ ದಾರ. ಕ್ರಾಸಿಂಗ್ ಮುಗಿದ ಹೂವಿನ ತೊಟ್ಟಿಗೆ ತಮ್ಮ ಬಣ್ಣದ ದಾರ ಕಟ್ಟಬೇಕು. ಯಾರ ಕೈಯ ಹೂವು ಕಾಯಾಯಿತು, ಯಾರದು ಉದುರಿತು ಎಂದು ಆಗ ಗೊತ್ತಾಗುತ್ತದೆ. ಎಲ್ಲರಿಗಿಂತ ಹಿರಿಯಳಾದ ಗಿರಿಜಕ್ಕನದು ಕೆಂಪು. ನನ್ನ ತಂಗಿ ಕಸ್ತೂರಿಯದು ನವಿಲುಬಣ್ಣ.

ಕಸ್ತೂರಿ ನನಗಿಂತ ಬಹಳ ಚಿಕ್ಕವಳು. ಅಪ್ಪ ತೀರಿಕೊಂಡಾಗ ಅವಳಿಗಿನ್ನೂ ಲಂಗ ತೊಡುವ ವಯಸ್ಸು. ಅವ್ವ, ನಾನು ಸೇರಿ ಬೆಳೆಸಿದೆವು. ಬಾಯಿ ಜೋರು, ಕೆಲಸ ಅದಕ್ಕಿಂತ ಜೋರು. ಎಡಗೈಯವಳಾದ್ದರಿಂದ ಅವಳು ಹಾಕಿದ ಗಂಟು ಉಳಿದವರದಕ್ಕೆ ತಿರುವುಮುರುವಾಗಿ ಬೀಳುತ್ತಿತ್ತು. ಕತ್ತಲಲ್ಲಿ ಬೆರಳಾಡಿಸಿದರೂ ಇದು ಕಸ್ತೂರಿಯ ಗಂಟು ಎಂದು ನಾನು ಹೇಳಬಲ್ಲೆ.

ಒಂದು ವಿಷಯದಲ್ಲಿ ಮಾತ್ರ ಅವಳು ಹಟಮಾರಿ. ಬಿಡಿಸಿದ ಮೊಗ್ಗನ್ನು ಎಂದೂ ಹಾಗೇ ಬಿಡುತ್ತಿರಲಿಲ್ಲ. ಒಮ್ಮೆ ಸಂಬಂಧಿಕರ ಮದುವೆಯ ದಿನವೂ ನಸುಕಿನಲ್ಲೇ ಎದ್ದು, ರೇಷ್ಮೆ ಸೀರೆಯ ಸೆರಗು ಸಿಗಿಸಿಕೊಂಡು, ತನ್ನ ಸಾಲು ಮುಗಿಸಿಯೇ ಟೆಂಪೊ ಹತ್ತಿದ್ದಳು.

"ಒಂದ್ ದಿನ ಬಿಟ್ರ ಏನ್ ಮುಳುಗಿ ಹೋಗತೈತಿ?" ಎಂದು ನಾನು ಬೈದರೆ, "ಬಿಡಿಸಿದ ಮೊಗ್ಗ ಅಂದ್ರ ಬಾಯಿ ತಕ್ಕೊಂಡು ಕುಂತ ಕೂಸು ಇದ್ದಂಗಣ್ಣಾ. ಉಪಾಸ ಹೆಂಗ ಬಿಡ್ಲಿ?" ಅಂದಿದ್ದಳು.

ಆ ಚಳಿಗಾಲದ ಒಂದು ಮಧ್ಯಾಹ್ನ ಅವಳು ತನ್ನ ಸಾಲುಗಳ ಮೊಗ್ಗು ಬಿಡಿಸಿ ಮುಗಿಸಿ, ತಲೆ ಹಿಡಿದುಕೊಂಡು ಬದುವಿನ ಮೇಲೆ ಕೂತಳು. ಬಿಸಿಲಿನ ತಲೆನೋವು ಅಂದುಕೊಂಡೆವು. ದೀಪ ಹಚ್ಚುವ ಹೊತ್ತಿಗೆ ಮೈ ಸುಡತೊಡಗಿತು. ಊಟದ ಹೊತ್ತಿಗೆ ಕೈಕಾಲು ಸೆಟೆದು ಕಣ್ಣು ಮೇಲಕ್ಕೆ ಸಿಕ್ಕಿಕೊಂಡವು. ಟೆಂಪೊದಲ್ಲಿ ಹಾಸಿಗೆ ಹಾಸಿ ದಾವಣಗೆರೆಯ ದೊಡ್ಡ ಆಸ್ಪತ್ರೆಗೆ ಹೊತ್ತುಕೊಂಡು ಹೋದೆವು. ದಾರಿಯುದ್ದಕ್ಕೂ ಅವ್ವ ಅವಳ ತಲೆಯನ್ನು ತೊಡೆಯ ಮೇಲಿಟ್ಟುಕೊಂಡು ಹೆಸರು ಹಿಡಿದು ಕರೆಯುತ್ತಲೇ ಇದ್ದಳು. ಕಸ್ತೂರಿ ಓಗೊಡಲಿಲ್ಲ.

ಮಿದುಳು ಜ್ವರ ಅಂದರು ಡಾಕ್ಟರು. "ಔಷಧಿ ಶುರು ಮಾಡಿದೀವಿ. ಪ್ರಜ್ಞೆ ಯಾವಾಗ ಬರುತ್ತೆ ಅಂತ ಹೇಳೋಕಾಗಲ್ಲ. ಒಂದೊಂದು ರಾತ್ರಿ ದಾಟಬೇಕು ಅಷ್ಟೆ" ಎಂದರು. ಅವಳ ಬೆರಳಿನ ಉಂಗುರ, ಗಾಜಿನ ಬಳೆ, ಮುಂಗೈಗೆ ಸುತ್ತಿಕೊಂಡಿದ್ದ ನವಿಲುಬಣ್ಣದ ಉಲನ್ ದಾರ, ಎಲ್ಲವನ್ನೂ ನರ್ಸಮ್ಮ ಬಿಚ್ಚಿ ಅವ್ವನ ಕೈಗೆ ಕೊಟ್ಟಳು. ಅವ್ವ ಅವನ್ನು ಕೈಚೀಲದೊಳಗೆ ಹಾಕಿ ಅವಳ ತಲೆದಿಂಬಿನ ಕೆಳಗಿಟ್ಟಳು. ಇದು ನೆನಪಿಟ್ಟುಕೊಳ್ಳಿ. ದಾರ ದಾವಣಗೆರೆಯಲ್ಲಿತ್ತು.

ಹೆಂಗಸರ ವಾರ್ಡಿನಲ್ಲಿ ರಾತ್ರಿ ಗಂಡಸರನ್ನು ಇರಗೊಡುತ್ತಿರಲಿಲ್ಲ. ನಾನು ವರಾಂಡದಲ್ಲಿ ಕೂತು ಬೆಳಗು ಮಾಡಿ, ಮೊದಲ ಬಸ್ಸಿಗೆ ಊರಿಗೆ ಬಂದೆ. ಗಿರಿಜಕ್ಕ ಹೊಲದ ಬಾಗಿಲಲ್ಲೇ ನಿಂತಿದ್ದಳು.

"ಈರಣ್ಣಾ, ಹುಡಿಗಿ ಹೆಂಗದಾಳೋ ತಮ್ಮಾ?"

"ಹಂಗ ಅದಾಳ ಅಕ್ಕಾ. ಕಣ್ಣು ತೆರದಿಲ್ಲ."

"ಆಕಿ ಸಾಲು ನೀ ಯಾರ ಕಡಿಂದರ ಮಾಡಿಸೀಯೇನು?"

ಇಲ್ಲ ಎಂದೆ. ಅವಳು ನನ್ನನ್ನು ಒಳಗೆ ಕರೆದುಕೊಂಡು ಹೋದಳು. ಕಸ್ತೂರಿಯ ಸಾಲಿನಲ್ಲಿ, ಹಿಂದಿನ ದಿನ ಅವಳು ಬಿಡಿಸಿಟ್ಟಿದ್ದ ಪ್ರತಿಯೊಂದು ಮೊಗ್ಗಿನ ತೊಟ್ಟಿಗೂ ನವಿಲುಬಣ್ಣದ ದಾರ... ಗಂಟು ತಿರುವುಮುರುವು.

ಯಾರೋ ಪುಣ್ಯಾತ್ಗಿತ್ತಿ ಮಾಡಿರಬೇಕು ಅಂದುಕೊಂಡೆ. ಮನಸ್ಸಿಗೆ ಬೇಕಾದ್ದನ್ನು ಮನಸ್ಸೇ ಹುಡುಕಿಕೊಳ್ಳುತ್ತದೆ. ಎಲ್ಲ ಹೆಂಗಸರನ್ನೂ ಕೇಳಿದೆ. ಯಾರೂ ಮಾಡಿರಲಿಲ್ಲ. ಅಂದು ಮಧ್ಯಾಹ್ನ ಗಿರಿಜಕ್ಕನೇ ಆ ಸಾಲಿನ ಮೊಗ್ಗುಗಳನ್ನೂ ಬಿಡಿಸಿದಳು, ಬೆಳಿಗ್ಗೆ ತಾನೇ ಕ್ರಾಸಿಂಗ್ ಮಾಡಿದರಾಯಿತು ಎಂದು. ಬೆಳಿಗ್ಗೆ ಬಂದು ನೋಡಿದರೆ ಕೆಲಸ ಆಗಿಹೋಗಿತ್ತು. ಅದರ ಮರುದಿನವೂ ಹಾಗೆಯೇ. ಮೂಲೆಯಲ್ಲಿ ನಿಂತು ಹೆಂಗಸರು ಗುಸುಗುಸು ಶುರುಮಾಡಿದರು. ಒಬ್ಬೊಬ್ಬರಾಗಿ ಆ ಸಾಲಿನ ಕಡೆ ಹೋಗುವುದನ್ನೇ ಬಿಟ್ಟರು.

ಆಸ್ಪತ್ರೆಯಲ್ಲಿ ಇನ್ನೊಂದು ಬಗೆ. ನಾನು ಹೋದಾಗ ನರ್ಸಮ್ಮ ಅವ್ವನ ಮೇಲೆ ರೇಗಾಡುತ್ತಿದ್ದಳು. ಪೇಶೆಂಟಿನ ಬೆರಳಿಗೆ ಏನು ಹಚ್ಚುತ್ತೀರಿ, ದಿನಾ ಸ್ಪಿರಿಟ್ ಹಾಕಿ ಒರೆಸಿ ಸಾಕಾಯಿತು ಎಂದು. ಕಸ್ತೂರಿಯ ಎಡಗೈ ಬೆರಳುಗಳ ತುದಿ ಹಸಿರುಗಪ್ಪಾಗಿತ್ತು. ಟೊಮೆಟೊ ಗಿಡ ಮುಟ್ಟಿದವರಿಗೆ ಆ ಬಣ್ಣ ಗೊತ್ತು. ನಾನು ಬಗ್ಗಿ ಮೂಸಿದೆ. ಫಿನಾಯಿಲಿನ ವಾಸನೆಯ ನಡುವೆ, ಸ್ಪಷ್ಟವಾಗಿ, ಆಗಷ್ಟೇ ಹಿಚುಕಿದ ಟೊಮೆಟೊ ಎಲೆಯ ಘಾಟು.

ಅವ್ವ ನನ್ನನ್ನು ವರಾಂಡಕ್ಕೆ ಕರೆದಳು.

"ನಸುಕಿನ್ಯಾಗ ಆಕಿ ಬೆರಳು ಆಡ್ತಾವೋ. ದಾರ ಕಟ್ಟಿದಂಗ ಆಡ್ತಾವು. ಮತ್ತ... ಇದನ್ನ ನೋಡು."

ಕೈಚೀಲದಿಂದ ಉಲನ್ ಉಂಡೆ ತೆಗೆದಳು. ನರ್ಸಮ್ಮ ಕೊಟ್ಟಾಗ ಅದು ಮುಷ್ಟಿ ತುಂಬುತ್ತಿತ್ತು. ಈಗ ನಿಂಬೆಹಣ್ಣಿನಷ್ಟಾಗಿತ್ತು. ಅದನ್ನು ಕೈಯಲ್ಲಿ ಹಿಡಿದು ಅತ್ತುಬಿಟ್ಟೆ.

ಆಮೇಲೆ ಅಮಾವಾಸ್ಯೆ ಬಂತು. ನಮ್ಮ ಕಡೆ ಅಂದು ಹೊಲದ ಕೆಲಸ ಬಂದ್. ಬೆಳಿಗ್ಗೆ ಯಾರೂ ಬರುವುದಿಲ್ಲ ಎಂದಮೇಲೆ ಹಿಂದಿನ ಮಧ್ಯಾಹ್ನ ಮೊಗ್ಗು ಬಿಡಿಸುವುದೂ ಇಲ್ಲ. ಹಾಗೆ ಆ ಒಂದು ರಾತ್ರಿ ಪ್ಲಾಸ್ಟಿಕ್ ಮನೆಯಲ್ಲಿ ಬಿಡಿಸಿದ ಮೊಗ್ಗು ಒಂದೂ ಇರಲಿಲ್ಲ. ಅದೇ ರಾತ್ರಿ, ನಸುಕಿನಲ್ಲಿ, ಕಸ್ತೂರಿಯ ಉಸಿರು ನಿಂತುಹೋಯಿತು.

ಡಾಕ್ಟರು ಓಡಿಬಂದು ಎದೆ ಒತ್ತಿ ಒತ್ತಿ ತಿರುಗಿ ತಂದರಂತೆ. ಅಮಾವಾಸ್ಯೆಯ ಬೆಳಿಗ್ಗೆ ನಾನು ಹೋದಾಗ ಮೂಗಿಗೆ, ಬಾಯಿಗೆ ನಳಿಕೆ ಹಾಕಿದ್ದರು. ಅವ್ವ ಗೋಡೆಗೆ ಒರಗಿ ಕೂತಿದ್ದಳು. "ರಾತ್ರಿ ಬೆರಳು ಆಡ್ಲೇ ಇಲ್ಲೋ" ಅಂದಳು. ಅಷ್ಟೇ ಅಂದಳು.

ನನ್ನ ತಲೆಯಲ್ಲಿ ಒಂದಕ್ಕೊಂದು ಕೂಡಿಕೊಂಡಿತು. ಕೆಲಸ ಇದ್ದಷ್ಟು ದಿನ ಅವಳು ಇರುತ್ತಾಳೆ. ಮುಗಿಸದ ಕೆಲಸ ಬಿಟ್ಟು ಹೋಗುವ ಜಾಯಮಾನದವಳಲ್ಲ ನಮ್ಮ ಕಸ್ತೂರಿ. ಹುಚ್ಚು ಅನ್ನಿ. ತಂಗಿ ಸಾಯುತ್ತಿರುವಾಗ ಹುಚ್ಚು ಯಾವುದು, ಬುದ್ಧಿ ಯಾವುದು ಎಂದು ವಿಂಗಡಿಸುತ್ತ ಕೂರಲು ನನ್ನ ಕೈಲಾಗಲಿಲ್ಲ.

ಬಸ್ಸು ಹಿಡಿದು ಓಡಿಬಂದೆ. ಅಮಾವಾಸ್ಯೆಯ ದಿನವೇ, ಸಂಜೆ, ಒಬ್ಬನೇ ಪ್ಲಾಸ್ಟಿಕ್ ಮನೆ ಹೊಕ್ಕು ಚಿಮಟ ಹಿಡಿದೆ. ನನ್ನ ದಪ್ಪ ಬೆರಳಿಗೆ ಆ ನಾಜೂಕು ಕೆಲಸ ಎಲ್ಲಿಂದ ಬರಬೇಕು. ಎಷ್ಟೋ ಮೊಗ್ಗು ಮುರಿದವು. ಆದರೂ ಕತ್ತಲಾಗುವತನಕ ಬಿಡಿಸಿದೆ. ಗಿರಿಜಕ್ಕ ಎಮ್ಮೆ ಹೊಡೆದುಕೊಂಡು ಮನೆಗೆ ಹೋಗುವಾಗ ನೋಡಿ ಬಾಗಿಲಲ್ಲಿ ನಿಂತಳು.

"ಅಮಾಸಿ ದಿನ ಏನ್ ಮಾಡಾಕತ್ತೀಯೋ?"

"ಆಕೀಗೆ ಕೆಲಸ ಇಡಾಕತ್ತೇನಿ ಅಕ್ಕಾ."

"ಕೆಲಸ ಇಟ್ರ ಬರತಾಳ, ಖರೇ. ಕರಸಾಕತ್ತಿದ್ದು ಏನನ್ನ ಅಂತ ನಿನಗ ಗೊತ್ತೈತೇನು?" ಎಂದವಳೇ ಎಮ್ಮೆಯ ಹಿಂದೆ ಹೊರಟುಹೋದಳು.

ಆ ರಾತ್ರಿ ನಾನು ಒಳಗೇ ಕೂತೆ. ಕೊನೆಯ ಕಮಾನಿನ ಕೆಳಗೆ, ಕಂಬಳಿ ಹೊದ್ದು, ಗೊಬ್ಬರದ ಚೀಲದ ಮೇಲೆ. ಹೊರಗೆ ಕಗ್ಗತ್ತಲು. ಹೈವೇ ಮೇಲೆ ಲಾರಿ ಹೋದಾಗ ಮಾತ್ರ ಹಾಳೆಯ ಮೇಲೆ ಮಂದ ಬೆಳಕು ಹರಿದು ಆರುತ್ತಿತ್ತು. ದೂರದಲ್ಲಿ ಬ್ಯಾಡಗಿ ಸ್ಟೇಷನ್ನಿನ ಕಡೆಯಿಂದ ರೈಲಿನ ಕೂಗು. ಟಪ್... ಟಪ್... ಮೇಲಿನಿಂದ ಇಬ್ಬನಿ ಎಲೆಗಳ ಮೇಲೆ ಬೀಳುವ ಸದ್ದು. ಕಣ್ಣು ಮುಚ್ಚಬಾರದೆಂದು ನನ್ನ ತೊಡೆಯನ್ನು ನಾನೇ ಚಿವುಟಿಕೊಳ್ಳುತ್ತಿದ್ದೆ.

ಯಾವಾಗಲೋ ತೊಟ್ಟಿಕ್ಕುವುದು ನಿಂತಿತು.

ಸುಮ್ಮನೆ ನಿಂತಿತು. ಅಷ್ಟುದ್ದದ ಮನೆಯಲ್ಲಿ ಒಂದು ಹನಿಯೂ ಬೀಳುತ್ತಿಲ್ಲ. ಆಮೇಲೆ ವಾಸನೆ ಬಂತು. ಹಿಚುಕಿದ ಟೊಮೆಟೊ ಎಲೆಯ ಘಾಟು, ಅದರ ಹಿಂದೆಯೇ ಫಿನಾಯಿಲ್. ಆಸ್ಪತ್ರೆಯ ಫಿನಾಯಿಲ್.

ಆಚೆ ತುದಿಯಲ್ಲಿ ಮೊದಲ ಗಿಡ ಅಲುಗಿತು. ಗಾಳಿಗೆ ಅಲುಗಿದ ಹಾಗಲ್ಲ. ಒಂದು ರೆಂಬೆಯನ್ನು ಯಾರೋ ಮೆತ್ತಗೆ ಹತ್ತಿರ ಎಳೆದು ಬಿಟ್ಟ ಹಾಗೆ. ಜೊತೆಗೆ ಗಾಜಿನ ಬಳೆಯ ಸಣ್ಣ ಸದ್ದು. ಮತ್ತೆ ಪಕ್ಕದ ಗಿಡ. ಮತ್ತೆ ಬಳೆ. ಒಂದೊಂದೇ ಗಿಡ ಅಲುಗುತ್ತ ನನ್ನ ಕಡೆಗೇ ಬರುತ್ತಿತ್ತು. ಮೊಬೈಲಿನ ಸಣ್ಣ ಟಾರ್ಚು ಹಚ್ಚಬೇಕೆಂದರೆ ಹೆಬ್ಬೆರಳು ಗುಂಡಿ ಒತ್ತಲು ಒಲ್ಲದು.

ಕೊನೆಗೂ ಹಚ್ಚಿದೆ. ಸಾಲಿನಲ್ಲಿ ಯಾರೂ ಇರಲಿಲ್ಲ. ನನ್ನಿಂದ ನಾಲ್ಕು ಮಾರು ದೂರದ ಗಿಡದಲ್ಲಿ ಒಂದು ಹೂವಿನ ತೊಟ್ಟಿಗೆ ನವಿಲುಬಣ್ಣದ ದಾರ ಸುತ್ತಿಕೊಳ್ಳುತ್ತಿತ್ತು... ಒಂದು ಸುತ್ತು, ಎರಡು ಸುತ್ತು, ಎಡಕ್ಕೆ ತಿರುಗಿ ಗಂಟು. ಆಮೇಲೆ ಆ ರೆಂಬೆ ತನ್ನ ಜಾಗಕ್ಕೆ ಹೋಗಿ ನಿಂತಿತು.

ಹೆದರಿಕೆಯಾಯಿತು. ಆದರೆ ಅದಕ್ಕಿಂತ ದೊಡ್ಡದಾಗಿ ಸಂತೋಷವಾಯಿತು, ನಂಬಿ. ನನ್ನ ತಂಗಿ ಇದ್ದಾಳೆ. ಕೆಲಸ ಮಾಡುತ್ತಿದ್ದಾಳೆ.

"ಕಸ್ತೂರಿ" ಎಂದೆ.

ಬಳೆ ನಿಂತಿತು. ನನ್ನ ಕಿವಿಯ ಹತ್ತಿರವೇ, ಬಹಳ ದಣಿದ ದನಿಯಲ್ಲಿ, "ಅಣ್ಣಾ... ಕೈ ಸೋತಾವೋ" ಎಂದು ಕೇಳಿಸಿತು.

"ಇನ್ನೊಂದ್ ಸ್ವಲ್ಪ ದಿನ ತಾಳವ್ವಾ. ಡಾಕ್ಟರು ಔಷಧ ಕೊಡಾಕತ್ತಾರ. ನಿನಗ ಆರಾಮ ಆಗತೈತಿ."

"ಇದನ್ನ ಮುಗಿಸಿ ಹೋಕ್ಕೇನಿ."

"ಎಲ್ಲಿಗೆ? ಕಸ್ತೂರಿ, ಎಲ್ಲಿಗೆ ಹೋಗ್ತಿ?"

ಮುಂದಿನ ಗಿಡ ಅಲುಗಿತು. ನಾನು ಕಂಬಳಿಯೊಳಗೆ ಮುಖ ಹುದುಗಿಸಿ, ಬೆಳಗಾಗುವತನಕ ಆ ಬಳೆಯ ಸದ್ದು ಕೇಳುತ್ತ ಕೂತಿದ್ದೆ. ಬೆಳಿಗ್ಗೆ ಎಸ್ಟಿಡಿ ಬೂತಿನಿಂದ ಅವ್ವ ಫೋನು ಮಾಡಿದಳು. ರಾತ್ರಿ ಉಸಿರು ಸರಿಯಾಗಿತ್ತು, ಬೆರಳು ಆಡಿದವು ಎಂದಳು.

ಅಂದಿನಿಂದ ನನಗೆ ಬೇರೆ ಕೆಲಸವಿಲ್ಲದಾಯಿತು. ಹಗಲು ದಾವಣಗೆರೆ, ಸಂಜೆ ಮೊಗ್ಗು, ರಾತ್ರಿ ಪ್ಲಾಸ್ಟಿಕ್ ಮನೆ. ಗಡ್ಡ ಬೆಳೆದು, ಕಣ್ಣು ಒಳಸೇರಿ, ಬಸ್ಸಿನಲ್ಲಿ ನನ್ನ ಪಕ್ಕ ಕೂರಲು ಜನ ಹಿಂದೆಮುಂದೆ ನೋಡುತ್ತಿದ್ದರು. "ಹೋಕ್ಕೇನಿ" ಅಂದದ್ದು ಎಲ್ಲಿಗೆ? ಮನೆಗೋ, ಅಥವಾ...? ಗೊತ್ತಿಲ್ಲದಿದ್ದ ಮೇಲೆ ಅವಳು ಮುಗಿಸಬಾರದು, ಅಷ್ಟೆ. ಪ್ರತಿ ಸಂಜೆ ಹಿಂದಿನ ದಿನಕ್ಕಿಂತ ಹೆಚ್ಚು ಮೊಗ್ಗು ಬಿಡಿಸುತ್ತಿದ್ದೆ. ಪ್ರತಿ ರಾತ್ರಿ ಅವಳು ಅಷ್ಟನ್ನೂ ಮುಗಿಸುತ್ತಿದ್ದಳು. ಗಂಟುಗಳು ದಿನದಿನಕ್ಕೆ ಸಡಿಲವಾಗುತ್ತಿದ್ದವು. ಆಸ್ಪತ್ರೆಯಲ್ಲಿ ಬಾಯಿಯ ನಳಿಕೆ ತೆಗೆದಿದ್ದರು, ಆದರೆ ಅವಳ ಎಡಗೈ ತೆಳ್ಳಗಾಗುತ್ತಿತ್ತು. ಬಲಗೈಗಿಂತ ತೆಳ್ಳಗೆ. ಅದನ್ನು ನಾನು ಕಂಡೆ, ಕಂಡರೂ ಸಂಜೆ ಮತ್ತೆ ಚಿಮಟ ಹಿಡಿದೆ.

ಆದರೆ ಗಿಡಕ್ಕೂ ಒಂದು ಕೊನೆಯಿದೆ. ಕೆಳಗಿನ ಕಾಯಿಗಳು ಹಣ್ಣಾಗತೊಡಗಿದವು, ತುದಿಯಲ್ಲಿ ಹೂವು ಕಡಿಮೆಯಾದವು. ಒಂದು ಸಂಜೆ ಕಸ್ತೂರಿಯ ಸಾಲು ಪೂರ್ತಿ ಹುಡುಕಿದರೂ ಬೊಗಸೆಯಷ್ಟು ಮೊಗ್ಗು ಸಿಗಲಿಲ್ಲ. ಗಿರಿಜಕ್ಕನ ಸಾಲು ಹೊಕ್ಕೆ. ಆಚೆಯ ಸಾಲು ಹೊಕ್ಕೆ. ಆ ಮನೆಯಲ್ಲಿ ಉಳಿದಿದ್ದ ಎಲ್ಲ ಮೊಗ್ಗುಗಳನ್ನೂ, ಎಳೆಯದು ಬಲಿತದ್ದು ನೋಡದೆ, ಟಾರ್ಚು ಬಾಯಲ್ಲಿ ಕಚ್ಚಿಕೊಂಡು ಬಿಡಿಸಿದೆ. ನಾಳೆಗೆ ಒಂದೂ ಉಳಿಯದು ಎಂದು ಗೊತ್ತಿತ್ತು. ಇಷ್ಟನ್ನು ಒಬ್ಬಳಿಗೆ ಒಂದು ರಾತ್ರಿಯಲ್ಲಿ ಮುಗಿಸಲಾಗದು, ಉಳಿದದ್ದಕ್ಕಾಗಿಯಾದರೂ ನಾಳೆ ಇರುತ್ತಾಳೆ ಎಂಬುದೊಂದೇ ಆಸೆ.

ಆ ರಾತ್ರಿಯೂ ತೊಟ್ಟಿಕ್ಕುವುದು ನಿಂತಿತು. ಘಾಟು ಬಂತು. ಬಳೆ ಸದ್ದಾಯಿತು. ಆದರೆ ಬಹಳ ನಿಧಾನ. ಒಂದು ಗಿಡ ಅಲುಗಿದ ಮೇಲೆ ಇನ್ನೊಂದು ಅಲುಗಲು ಎಷ್ಟೋ ಹೊತ್ತು. ನಡುವೆ ಏದುಸಿರು ಕೇಳುತ್ತಿತ್ತು. ನಾನು ಕೈಮುಗಿದು ಕೂತು, "ಇಷ್ಟ ಮಾಡವ್ವಾ, ಇಷ್ಟ ಮಾಡು" ಎಂದು ಬಡಬಡಿಸುತ್ತಿದ್ದೆ. ಅರ್ಧ ಸಾಲಾಗಿರಬೇಕು. ಒಂದು ರೆಂಬೆ ಅಲುಗಿ, ಅಲುಗಿದ್ದಲ್ಲೇ ನಿಂತಿತು. ಏದುಸಿರು ನಿಂತಿತು. ಆಮೇಲೆ ಏನೂ ಇಲ್ಲ.

ಹೋದಳು ಅಂದುಕೊಂಡೆ. ಟಾರ್ಚು ಹಚ್ಚಿಕೊಂಡು ಓಡಿದೆ. ಹೂವಿನ ತೊಟ್ಟಿಗೆ ಒಂದೇ ಸುತ್ತು ಸುತ್ತಿದ ದಾರ, ಗಂಟಿಲ್ಲದೆ ಜೋಲಾಡುತ್ತಿತ್ತು. ಅದರ ಕೆಳಗೇ ಕುಸಿದು ಕೂತೆ.

ಆಗ ಕೈಯಲ್ಲಿದ್ದ ಮೊಬೈಲು ರಿಂಗಾಯಿತು. ಎತ್ತಲು ಧೈರ್ಯವಾಗಲಿಲ್ಲ. ಕೊನೆಗೆ ಎತ್ತಿದೆ. ಆಚೆ, ಆಸ್ಪತ್ರೆಯ ಫೋನಿನಲ್ಲಿ, ಅವ್ವ ಅಳುತ್ತಿದ್ದಳು.

"ಈರಣ್ಣಾ... ಕಣ್ಣು ತೆರದಾಳೋ. ಈಗ ತೆರದಳು. ನೀರು ಬೇಡಿದಳು."

ಮಣ್ಣಿನ ಮೇಲೆ ಹಣೆ ಹಚ್ಚಿ, ಸಣ್ಣ ಹುಡುಗನ ಹಾಗೆ ಅತ್ತೆ. ಅವ್ವ ಹೇಳುತ್ತಲೇ ಇದ್ದಳು. ಡಾಕ್ಟರು ಬಂದು ನೋಡಿದರು, ಅವ್ವಾ ಎಂದು ಕರೆದಳು, ಒಂದು ಗುಟುಕು ನೀರು ಕುಡಿದಳು, ಇಷ್ಟೊತ್ತು ನನ್ನ ಕೈ ಹಿಡಿದುಕೊಂಡೇ ಇದ್ದಳು...

ಅವ್ವನ ಮಾತು ಕಿವಿಯಲ್ಲಿ ಇರುವಾಗಲೇ, ನನ್ನ ಬೆನ್ನ ಹಿಂದೆ, ಮೆತ್ತಗೆ, ಬಳೆ ಸದ್ದಾಯಿತು.

ತಲೆ ಎತ್ತಿದೆ. ಜೋಲಾಡುತ್ತಿದ್ದ ದಾರ ಇನ್ನೊಂದು ಸುತ್ತು ಸುತ್ತಿಕೊಂಡು, ಎಡಕ್ಕೆ ತಿರುಗಿ ಗಂಟಾಯಿತು. ಪಕ್ಕದ ಗಿಡ ಅಲುಗಿತು. ಈ ಸಲ ಏದುಸಿರು ಇರಲಿಲ್ಲ. ಕೆಲಸ ಚುರುಕಾಗಿ ನಡೆದಿತ್ತು. ನಾನು ಎದ್ದವನೇ ಬಾಗಿಲಿನ ಹಾಳೆ ಹರಿದುಕೊಂಡು ಹೊರಗೆ ಓಡಿದೆ. ಹೈವೇ ಸೇರುವತನಕ ನಿಲ್ಲಲಿಲ್ಲ. ಬೆಳಿಗ್ಗೆ ಗಿರಿಜಕ್ಕನ ಜೊತೆ ಬಂದು ನೋಡಿದಾಗ, ಆ ಮನೆಯ ಎಲ್ಲ ಸಾಲುಗಳಲ್ಲೂ, ನಾನು ಬಿಡಿಸಿದ್ದ ಒಂದೂ ಮೊಗ್ಗು ಬಿಡದೆ, ನವಿಲುಬಣ್ಣ.

ಕಸ್ತೂರಿ ಮನೆಗೆ ಬಂದಳು. ಬಂದಳು ಎಂಬುದೇ ದೊಡ್ಡದು, ಅದನ್ನು ಮೊದಲು ಹೇಳಬೇಕು. ಅವ್ವ ಬಾಗಿಲಲ್ಲಿ ನೀರು ನಿವಾಳಿಸಿ ಒಳಗೆ ಕರೆದುಕೊಂಡಳು. ನಾಲ್ಕು ದಿನ ಹೋದಮೇಲೆ ಅವಳು ಮಲ್ಲಿಗೆ ಕಟ್ಟುವುದನ್ನು ನೋಡಿ ನನ್ನ ಜೀವ ಝಲ್ಲೆಂದಿತು. ಬಲಗೈಯಲ್ಲಿ ಕಟ್ಟುತ್ತಿದ್ದಳು. ಕಡ್ಡಿ ಗೀರುವುದು, ಕಸ ಹೊಡೆಯುವುದು, ಎಲ್ಲ ಬಲಗೈ. ಜೋರುಬಾಯಿ ಹೋಗಿ ಮೆತ್ತಗಾಗಿದ್ದಳು. ಮೊಗ್ಗು ಬಿಡಿಸುವುದು ಹೇಗೆ ಎಂಬುದೇ ಮರೆತಿತ್ತು. ಟೊಮೆಟೊ ಗಿಡದ ವಾಸನೆ ಬಂದರೆ ಸೆರಗು ಮೂಗಿಗೆ ಹಿಡಿದು ಎದ್ದುಹೋಗುತ್ತಿದ್ದಳು. ಡಾಕ್ಟರನ್ನು ಕೇಳಿದೆ. ಮಿದುಳು ಜ್ವರ ಬಂದವರಲ್ಲಿ ಹೀಗೆ ಆಗುವುದುಂಟು, ಜೀವ ಉಳಿದದ್ದೇ ಹೆಚ್ಚು, ಸಮಾಧಾನ ಮಾಡಿಕೊಳ್ಳಿ ಎಂದರು. ಸಮಾಧಾನ ಮಾಡಿಕೊಂಡೆ. ಮುಂದೆ ಕರ್ಜಗಿಯ ಒಳ್ಳೆಯ ಮನೆತನಕ್ಕೆ ಕೊಟ್ಟು ಮದುವೆಯನ್ನೂ ಮಾಡಿದೆವು.

ಮದುವೆಯ ನಂತರದ ಚಳಿಗಾಲದಲ್ಲಿ ಮತ್ತೆ ಟೊಮೆಟೊ ಹಚ್ಚಿದೆ. ಹೊಸ ಗಿಡ, ಹೊಸ ಹಾಳೆ. ಕ್ರಾಸಿಂಗ್ ಶುರುವಾದ ಮೊದಲ ಮಧ್ಯಾಹ್ನ ಹೆಂಗಸರು ಮೊಗ್ಗು ಬಿಡಿಸಿ ಮನೆಗೆ ಹೋದರು. ಮರುದಿನ ನಸುಕಿನಲ್ಲಿ ಗಿರಿಜಕ್ಕ ನನ್ನ ಬಾಗಿಲು ತಟ್ಟಿದಳು. ಮುಷ್ಟಿ ಬಿಚ್ಚಿ ತೋರಿಸಿದಳು. ನವಿಲುಬಣ್ಣದ ದಾರದ ಒಂದು ತುಂಡು, ತಿರುವುಮುರುವು ಗಂಟಿನ ಸಮೇತ.

ಕರ್ಜಗಿಗೆ ಫೋನು ಮಾಡಿದೆ. ಕಸ್ತೂರಿ ರಾತ್ರಿಯೆಲ್ಲ ಸುಖವಾಗಿ ಮಲಗಿದ್ದಳು, ಈಗ ರೊಟ್ಟಿ ಬಡಿಯುತ್ತಿದ್ದಾಳೆ ಎಂದರು ಅವಳ ಅತ್ತೆ.

ಈ ಸುದ್ದಿಯನ್ನು ಕಸ್ತೂರಿಯ ಕಿವಿಗೆ ನಾವು ಯಾರೂ ಹಾಕಿಲ್ಲ. ಅವ್ವ ಹಾಕಿಲ್ಲ, ಗಿರಿಜಕ್ಕ ಹಾಕಿಲ್ಲ. ಆದರೂ ಮೊದಲ ಹೆರಿಗೆಗೆಂದು ತವರಿಗೆ ಬಂದಾಗ, ಒಂದು ಸಂಜೆ ಪಡಸಾಲೆಯಲ್ಲಿ ಕೂತು ಅಕ್ಕಿ ಆರಿಸುತ್ತಿದ್ದವಳು, ತಲೆ ಎತ್ತದೆ ನನ್ನನ್ನು ಕೇಳಿದಳು.

"ಅಣ್ಣಾ, ಆಕಿ ಇನ್ನೂ ಬರ್ತಾಳೇನು?"

"ಯಾರವ್ವಾ?"

ಅವಳು ತನ್ನ ಎಡಗೈಯನ್ನು ಮೊರದಿಂದ ಎತ್ತಿ, ಯಾರದೋ ವಸ್ತುವನ್ನು ನೋಡುವ ಹಾಗೆ ತಿರುಗಿಸಿ ನೋಡಿ, ಸೆರಗಿನೊಳಗೆ ಮುಚ್ಚಿಕೊಂಡಳು. ಆಮೇಲೆ ಮೆಲ್ಲಗೆ, "ಆಕೀಗೆ ಕೆಲಸ ತಪ್ಪಸಬ್ಯಾಡ" ಎಂದಳು.

ನಾನು ತಪ್ಪಿಸಿಲ್ಲ. ಬೀಜದ ಕೆಲಸ ಬಿಟ್ಟು ಎಷ್ಟೋ ಕಾಲವಾಯಿತು, ಗಿರಿಜಕ್ಕನೂ ಈಗಿಲ್ಲ. ಆದರೆ ಹರಿದ ಹಾಳೆಯ ಕೆಳಗೆ ಒಂದು ಸಾಲು ಟೊಮೆಟೊ ನಾನು ವರ್ಷವಿಡೀ ಇಡುತ್ತೇನೆ. ಹಳೆಯ ಗಿಡ ಒಣಗುವ ಮುಂಚೆ ಹೊಸ ಸಸಿ ಹಚ್ಚುತ್ತೇನೆ. ಬೇರೆ ಊರಿಗೆ ಹೋಗಬೇಕಾದರೆ ಹೆಂಡತಿಗೆ ಚಿಮಟ ಕೊಟ್ಟು ಹೋಗುತ್ತೇನೆ. ಯಾಕೆಂದು ಅವಳು ಕೇಳುವುದನ್ನು ಬಿಟ್ಟಿದ್ದಾಳೆ.

ಅಲ್ಲಿ ಬರುವವಳೇ ನಮ್ಮ ಕಸ್ತೂರಿಯಾಗಿದ್ದರೆ, ಕರ್ಜಗಿಯಲ್ಲಿ ಮಕ್ಕಳಿಗೆ ತಲೆ ಬಾಚುತ್ತಿರುವವಳು ಯಾರು ಎಂದು ನಾನು ಯೋಚಿಸಲು ಹೋಗುವುದಿಲ್ಲ. ಇಬ್ಬರೂ ನನ್ನ ತಂಗಿಯೇ. ನನ್ನ ಹೆದರಿಕೆ ಬೇರೆ. ನಡುವಿನ ಖಾಲಿ ದಿನಗಳಲ್ಲಿ ಅವಳು ಎಲ್ಲಿದ್ದಳೋ ಗೊತ್ತಿಲ್ಲ, ಆದರೆ ಕಸ್ತೂರಿ ಹಾಗೆ ಅಂದಮೇಲೆ ಮತ್ತೆ ಪರೀಕ್ಷಿಸಿ ನೋಡುವ ಧೈರ್ಯ ನನಗಿಲ್ಲ. ಒಂದು ಸಂಜೆ ನಾನು ಮೊಗ್ಗು ಬಿಡಿಸದೆ ಹೋದರೆ, ಆ ರಾತ್ರಿ ಅವಳಿಗೆ ಇಲ್ಲಿ ಕೆಲಸವಿರುವುದಿಲ್ಲ. ಆಗ ಅವಳು ಮನೆಗೆ ಹೋಗಬೇಕು ಅಂದುಕೊಳ್ಳುತ್ತಾಳೆ. ಹೋಗಲು ಅವಳಿಗೆ ಇರುವುದು ಒಂದೇ ಜಾಗ, ಕಸ್ತೂರಿಯ ಮೈ. ಅಲ್ಲಿ ಈಗ ಇನ್ನೊಬ್ಬಳಿದ್ದಾಳೆ.

ಹೊತ್ತು ಇಳಿಯುತ್ತಿದೆ. ಇಷ್ಟಕ್ಕೆ ನಿಲ್ಲಿಸುತ್ತೇನೆ. ಕತ್ತಲಾಗುವ ಮುಂಚೆ ನಾನು ಹೊಲಕ್ಕೆ ಹೋಗಬೇಕು.